ಹರ್ಬ್ ಡಿನ್ನರ್ ರೋಲ್: ನಮ್ಮ ಕಡೆಯ ಸೆಕೆಗೆ, ಮಳೆಗೆ ಹೊಂದುವ ಅಳತೆ ಮತ್ತು ಸಮಯ

ಪಾವ್‌ಕಿಲೋ · ಮುಲುಂಡ್

ತಣ್ಣನೆಯ ದೇಶದವರು ಬರೆದ ರೆಸಿಪಿಯಲ್ಲಿ "ಒಂದೂವರೆ ಗಂಟೆ ಬೆಚ್ಚಗಿನ ಜಾಗದಲ್ಲಿಡಿ" ಎಂದಿರುತ್ತದೆ. ಅದನ್ನೇ ಮೇ ತಿಂಗಳ ಮುಂಬಯಿಯಲ್ಲಿ ಪಾಲಿಸಿದರೆ ಹಿಟ್ಟು ಪಾತ್ರೆಯಿಂದ ಉಕ್ಕಿ ಹುಳಿ ವಾಸನೆ ಹೊಡೆಯುತ್ತದೆ. ಹಾಗಾಗಿ ನಮ್ಮ ಹವೆಗೆ ಹೊಂದುವ ಅಳತೆಯನ್ನು ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

12 ರೋಲ್‌ಗೆ (ಊಟದ ಜೊತೆ ತಿನ್ನುವ, ಸೊಪ್ಪು ಹಾಕಿದ ಚಿಕ್ಕ ಮೆತ್ತನೆಯ ಬನ್): ಮೈದಾ 300 ಗ್ರಾಂ, ಕಾಯಿಸಿ ಆರಿಸಿದ ಹಾಲು 195 ಗ್ರಾಂ, ಇನ್‌ಸ್ಟಂಟ್ ಈಸ್ಟ್ 4 ಗ್ರಾಂ (ಮಟ್ಟಸವಾಗಿ ಒಂದೂಕಾಲು ಟೀ ಚಮಚ), ಸಕ್ಕರೆ 20 ಗ್ರಾಂ, ಹಾಲಿನ ಪುಡಿ 10 ಗ್ರಾಂ, ಉಪ್ಪು 5 ಗ್ರಾಂ, ಉಪ್ಪಿರುವ ಹಳದಿ ಬೆಣ್ಣೆ 30 ಗ್ರಾಂ, ಎಳೆ ಸಬ್ಬಸಿಗೆ ಸೊಪ್ಪು 15 ಗ್ರಾಂ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ. ಒಂದು ಕಪ್ ಮೈದಾ ಎಂದರೆ ತುಂಬುವ ಕೈಗೆ ತಕ್ಕಂತೆ 115 ಗ್ರಾಂ ಆಗಬಹುದು, 150 ಕೂಡ ಆಗಬಹುದು. ಮಿಕ್ಕಿದ್ದೆಲ್ಲ ಸರಿಯಿದ್ದರೂ ಅಲ್ಲೇ ಕೆಡುತ್ತದೆ.

ಹಾಲಿನಲ್ಲಿ 15 ಗ್ರಾಂ ಪಕ್ಕಕ್ಕೆ ಎತ್ತಿಡಿ. ಉಳಿದದ್ದಕ್ಕೆ ಸಕ್ಕರೆ, ಹಾಲಿನ ಪುಡಿ, ಈಸ್ಟ್, ಮೈದಾ ಸೇರಿಸಿ ಒಣ ಹಿಟ್ಟು ಕಾಣದಷ್ಟು ಕಲಸಿ 20 ನಿಮಿಷ ಮುಚ್ಚಿಡಿ. ಆಮೇಲೆ ಉಪ್ಪು ಹಾಕಿ 6–7 ನಿಮಿಷ ನಾದಿ. ಹಿಟ್ಟು ಗಟ್ಟಿ ಅನ್ನಿಸಿದರೆ ಎತ್ತಿಟ್ಟ ಹಾಲನ್ನು ಚಮಚ ಚಮಚವಾಗಿ ಕೊಡಿ. ಮೆತ್ತಗಾದ, ಕರಗಿರದ ಬೆಣ್ಣೆಯನ್ನು ಮೂರು ಸಲವಾಗಿ ಸೇರಿಸಿ ಇನ್ನೂ 6–8 ನಿಮಿಷ ನಾದಿ. ಬೆಣ್ಣೆ ಬಿದ್ದ ಕೂಡಲೇ ಹಿಟ್ಟು ಚೂರುಚೂರಾಗಿ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಅಲ್ಲಿ ಗಾಬರಿಯಾಗಿ ಮೈದಾ ಸುರಿಯಬೇಡಿ, ಎರಡು ನಿಮಿಷದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ನಿಂಬೆ ಗಾತ್ರದ ಉಂಡೆ ತೆಗೆದು ಬೆರಳಲ್ಲಿ ಹಿಗ್ಗಿಸಿದರೆ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಅದು ಆದ ಮೇಲೆ ಮಾತ್ರ ಸೊಪ್ಪು ಹಾಕಿ ಒಂದು ನಿಮಿಷ ಮಡಚಿ.

ಒಂದೂ ಮುಕ್ಕಾಲು ಪಟ್ಟು ಉಬ್ಬಿದಾಗ ಗಾಳಿ ತೆಗೆದು 47–48 ಗ್ರಾಂನ 12 ಉಂಡೆ ಮಾಡಿ. 9 ಇಂಚಿನ ಚೌಕ ಟಿನ್, ಉಂಡೆಗಳ ನಡುವೆ ಒಂದು ಸೆಂ.ಮೀ. ಜಾಗ. ಮತ್ತೆ ಉಬ್ಬಿದ ಮೇಲೆ ಹಾಲು ಸವರಿ 185 ಡಿಗ್ರಿಯಲ್ಲಿ 18–20 ನಿಮಿಷ.

ಉಪ್ಪು 5 ಗ್ರಾಂ ಏಕೆಂದರೆ ನಮ್ಮ ಹಳದಿ ಬೆಣ್ಣೆಯಲ್ಲಿ 100 ಗ್ರಾಂಗೆ ಸುಮಾರು 2 ಗ್ರಾಂ ಉಪ್ಪು ಇರುತ್ತದೆ. ಬಿಳಿ ಬೆಣ್ಣೆ ಬಳಸುವವರು ಉಪ್ಪನ್ನು ಐದೂವರೆಗೆ ಏರಿಸಿ.

ಹೊಸ_ಓಟಿಜಿ · ಠಾಣೆ

ಉಬ್ಬಲು ಎಷ್ಟು ಹೊತ್ತು ಅಂತ ಬರೆದೇ ಇಲ್ವಲ್ಲ ಸರ್?

ಪಾವ್‌ಕಿಲೋ · ಮುಲುಂಡ್

ಬೇಕೆಂದೇ ಬಿಟ್ಟೆ. ಗಡಿಯಾರ ನೋಡಿದರೆ ಮೋಸ ಹೋಗುತ್ತೀರಿ. ನೆಟ್ಟಗಿನ ಗೋಡೆಯ ಸ್ಟೀಲ್ ಡಬ್ಬಿಯಲ್ಲೋ ಗಾಜಿನ ಭರಣಿಯಲ್ಲೋ ಹಿಟ್ಟು ಒತ್ತಿ, ಹೊರಗೆ ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿ. ಅಂದಾಜು ಬೇಕೇ ಬೇಕು ಅಂದರೆ: ಹಿಟ್ಟು 26 ಡಿಗ್ರಿ ಇದ್ದು ಅಡುಗೆಮನೆ 31 ಇದ್ದರೆ 45–50 ನಿಮಿಷ. ನಾದುವಾಗಲೇ ಹಿಟ್ಟು 32 ಮುಟ್ಟಿದ್ದರೆ ಅರ್ಧ ಗಂಟೆಯಲ್ಲೇ ಮುಗಿದಿರುತ್ತದೆ, ಆದರೆ ರುಚಿ ಬಂದಿರುವುದಿಲ್ಲ. ಈಸ್ಟ್ ಓಡಿದಷ್ಟು ಬೇಗ ಪರಿಮಳ ಕೂಡುವುದಿಲ್ಲ.

ತೂಕ_ತಪ್ಪದವ · ಚಿಂಚವಡ

ಇದಕ್ಕೊಂದು ಲೆಕ್ಕ ಇದೆ. ಬೇಕಾದ ಹಿಟ್ಟಿನ ಉಷ್ಣತೆ 26. ಅದನ್ನು 3ರಿಂದ ಗುಣಿಸಿ: 78. ಅದರಿಂದ ಕೋಣೆಯ ಉಷ್ಣತೆ, ಮೈದಾದ ಉಷ್ಣತೆ, ನಾದುವ ತಿಕ್ಕಾಟದ ಬಿಸಿ ಮೂರನ್ನೂ ಕಳೆಯಿರಿ. ಉಳಿದದ್ದೇ ಹಾಲಿನ ಉಷ್ಣತೆ. ಕೈಯಲ್ಲಿ ನಾದಿದರೆ ತಿಕ್ಕಾಟಕ್ಕೆ 3 ಹಿಡಿಯಿರಿ, ಸ್ಟ್ಯಾಂಡ್ ಮಿಕ್ಸರ್‌ಗೆ 10ರ ಆಸುಪಾಸು.

ಮುಂಬಯಿಯಲ್ಲಿ ಕೋಣೆ 31, ಮೈದಾ 31, ಕೈ 3 ಎಂದರೆ ಹಾಲು 13 ಡಿಗ್ರಿ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟ ಹಾಲು. ಮಿಕ್ಸರ್ ಆದರೆ 6 ಡಿಗ್ರಿ, ಅಂದರೆ ಫ್ರಿಜ್‌ನಿಂದ ನೇರವಾಗಿ. ಪುಣೆಯ ಡಿಸೆಂಬರ್‌ನಲ್ಲಿ ಕೋಣೆ 20, ಮೈದಾ 20, ಕೈ 3 ಎಂದರೆ 35 ಡಿಗ್ರಿ, ಉಗುರು ಬೆಚ್ಚಗೆ. ಒಂದೇ ರೆಸಿಪಿಗೆ ಒಂದೂರಲ್ಲಿ ತಣ್ಣನೆ ಹಾಲು, ಇನ್ನೊಂದೂರಲ್ಲಿ ಬೆಚ್ಚನೆ ಹಾಲು. "ಬೆಚ್ಚಗಿನ ಹಾಲು" ಎಂದು ಕಣ್ಣು ಮುಚ್ಚಿ ಬರೆಯುವವರನ್ನು ನಂಬಬೇಡಿ.

ನೂರಿನ್ನೂರು ರೂಪಾಯಿಯ ಚುಚ್ಚುವ ಥರ್ಮಾಮೀಟರ್ ಒಂದಿದ್ದರೆ ಸಾಕು. ಬೆಂದಿದೆಯೋ ನೋಡಲೂ ಅದೇ ಆಗುತ್ತದೆ: ನಡುವಿನ ರೋಲ್‌ನ ಒಳಗೆ 90–92 ಡಿಗ್ರಿ ಬರಬೇಕು.

ಸಬ್ಬಸಿಗೆ_ಅಕ್ಕ · ಮಾಟುಂಗಾ

ಸೊಪ್ಪಿನ ಬಗ್ಗೆ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ ಮಾರಾಯ್ರೆ, ಅದೇ ಅಲ್ವಾ ಇದರಲ್ಲಿ ಮುಖ್ಯ.

ಮೊದಲನೆಯದು ನೀರು. ಸೊಪ್ಪು ತೊಳೆದು ಹಾಗೇ ಹೆಚ್ಚಿ ಹಾಕಿದರೆ ಎಲೆಗೆ ಅಂಟಿದ ನೀರೇ ಎರಡು ಚಮಚ ಉಂಟು. ಚೆನ್ನಾಗಿ ಬಂದ ಹಿಟ್ಟು ಕೊನೆಗೆ ಸಡಿಲ ಆಗುವುದು ಅದರಿಂದ. ತೊಳೆದು, ಬಟ್ಟೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ಒಂದು ಗಂಟೆ ಬಿಡಿ. ದಂಟು ಪೂರ್ತಿ ತೆಗೆಯಬೇಕು, ದಂಟಿನ ಚೂರು ಹಿಟ್ಟಿನ ಪೊರೆಯನ್ನು ಹರಿಯುತ್ತದೆ. ಹರಿತ ಚಾಕುವಿನಲ್ಲಿ ಒಂದೇ ಸಲ ಹೆಚ್ಚಿ, ಜಜ್ಜಿದರೆ ಹಿಟ್ಟು ಪಾಚಿ ಬಣ್ಣಕ್ಕೆ ತಿರುಗುತ್ತದೆ.

ಎರಡನೆಯದು, ಯಾವ ಸೊಪ್ಪು ಒಳಗೆ, ಯಾವುದು ಹೊರಗೆ. ಓವನ್ ಶಾಖ ತಡೆಯುವುದು ಸಬ್ಬಸಿಗೆ, ಈರುಳ್ಳಿ ಸೊಪ್ಪು, ರೋಸ್‌ಮೇರಿ, ಥೈಮ್, ಓರಿಗ್ಯಾನೊ. ಇವು ಒಳಗೆ ಇರಲಿ. ಕೊತ್ತಂಬರಿ ಮತ್ತು ತುಳಸಿ ಜಾತಿಯ ಬೇಸಿಲ್ (ನಮ್ಮ ಕಾಮಕಸ್ತೂರಿ) ಒಳಗೆ ಹಾಕಿದರೆ ಪರಿಮಳ ಹಾರಿಹೋಗಿ ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಅವನ್ನು ರೋಲ್ ಹೊರಗೆ ಬಂದ ಮೇಲೆ ಸವರುವ ಬೆಣ್ಣೆಗೆ ಸೇರಿಸಿ. ನನ್ನ ಮಟ್ಟಿಗೆ ಕೊತ್ತಂಬರಿ ರೋಲ್ ಎಂಬುದೇ ದಂಡ, ಬೇಕಾದವರು ಮಾಡಿಕೊಳ್ಳಿ.

ಒಣ ಹರ್ಬ್ಸ್ ಆದರೆ 300 ಗ್ರಾಂ ಮೈದಾಕ್ಕೆ ಎರಡು ಟೀ ಚಮಚ ಮೀರಬೇಡಿ: ಓರಿಗ್ಯಾನೊ ಒಂದು, ಥೈಮ್ ಅರ್ಧ, ರೋಸ್‌ಮೇರಿ ಅರ್ಧ. ಒಣ ರೋಸ್‌ಮೇರಿ ಸೂಜಿಯ ಹಾಗೆ ಹಲ್ಲಿಗೆ ಚುಚ್ಚುತ್ತದೆ, ಕುಟ್ಟಾಣಿಯಲ್ಲಿ ಪುಡಿ ಮಾಡಿಯೇ ಹಾಕಿ. ಪಿಜ್ಜಾ ಜೊತೆ ಬರುವ ಪೊಟ್ಟಣಗಳಲ್ಲಿ ಉಪ್ಪು ಬೆರೆತಿರುವುದೂ ಉಂಟು, ಹಿಂದಿನ ಪಟ್ಟಿ ಓದಿ ಬಳಸಿ.

ಕೋಥ್ರೂಡ್_ಕಟ್ಟೆ · ಪುಣೆ

ಅಕ್ಕಾರ, ದೊಡ್ಡಪತ್ರಿ ಬಿಟ್ಟಬಿಟ್ರಲ್ಲ. ಓರಿಗ್ಯಾನೊಕ್ಕ ವಾಸನೀ ಕೊಡೋ ಕಾರ್ವಕ್ರಾಲ್, ಥೈಮಾಲ್ ಎರಡೂ ಅದರಾಗ ಅದಾವ. ಇಲ್ಲೆ ಮಂದಿ ಅದಕ್ಕ ಓವ್ಯಾಚಂ ಪಾನ್ ಅಂತಾರ, ಹೂಕುಂಡದಾಗ ಪುಕ್ಕಟೆ ಬೆಳೀತದ. ಆದ್ರ ಎಲಿ ಭಾಳ ದಪ್ಪ, ತುಂಬ ನೀರು. 6–8 ಎಲಿ ಸಣ್ಣಗ ಹೆಚ್ಚಿ, ರೆಸಿಪಿಯ ಬೆಣ್ಣೀಯೊಳಗ ಒಂದು ಚಮಚ ತಗೊಂಡು ಸಣ್ಣ ಉರಿ ಮ್ಯಾಲೆ ನೀರು ಹೋಗೂ ತನಕ ಹುರೀರಿ. ಪೂರ್ತಿ ಆರಿದ ಮ್ಯಾಲೆ ಹಾಕ್ರಿ. ಹಸೀದು ಹಾಕಿದ್ರ ಎಲಿ ಸುತ್ತ ಹಿಟ್ಟು ಹಸಿ ಹಸಿ ಉಳೀತದ.

ಸಬ್ಬಸಿಗೆ_ಅಕ್ಕ · ಮಾಟುಂಗಾ

ಹೌದು, ಅದು ಒಳ್ಳೇದು. ಹುರಿದರೆ ಖಾರವೂ ತಗ್ಗುತ್ತದೆ. ಇನ್ನೊಂದು ಎಚ್ಚರಿಕೆ: ದಾದರ್ ಹೂವಿನ ಮಾರುಕಟ್ಟೆಯಲ್ಲಿ ಸಿಗುವ ಮರುಗ ಮಾರ್ಜೋರಮ್ ಹೌದಾದರೂ ಅದನ್ನು ಹಾರಕ್ಕೆಂದು ಬೆಳೆಸಿದ್ದು, ತಿನ್ನಲಿಕ್ಕೆಂದು ಅಲ್ಲ. ಔಷಧಿ ಹೊಡೆದಿರಬಹುದು. ಅದೇ ಕಟ್ಟಿನ ಕಡ್ಡಿಯನ್ನು ಹೂಕುಂಡದಲ್ಲಿ ನೆಟ್ಟು, ಹೊಸ ಚಿಗುರು ಬಂದ ಮೇಲೆ ಬಳಸಿ.

ಹೊಸ_ಓಟಿಜಿ · ಠಾಣೆ

ಬೆಳ್ಳುಳ್ಳಿ ಹಾಕಿದಾಗ ಹಿಟ್ಟು ಯಾಕೆ ಸಡಿಲ ಆಗುತ್ತೆ? ಹಾಲು ಅಷ್ಟೇ, ಮೈದಾ ಅಷ್ಟೇ. ಸೊಪ್ಪೂ ಇಲ್ಲ.

ಪಾವ್‌ಕಿಲೋ · ಮುಲುಂಡ್

ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದ್ದೀರಿ. ಅದರ ಗಂಧಕದ ಅಂಶಗಳು ಗ್ಲುಟೆನ್ (ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಪ್ರೋಟೀನ್) ಎಳೆಗಳ ನಡುವಿನ ಕೊಂಡಿಯನ್ನು ಬಿಡಿಸುತ್ತವೆ, ಈಸ್ಟ್‌ನ ವೇಗವನ್ನೂ ತಗ್ಗಿಸುತ್ತವೆ. 8 ಎಸಳನ್ನು ಒಂದು ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವಷ್ಟು ಬೇಯಿಸಿ, ಆರಿಸಿ, ಆಮೇಲೆ ಸೇರಿಸಿ. ಕಂದು ಬಣ್ಣ ಬರುವ ಮೊದಲೇ ಇಳಿಸಿ, ಓವನ್‌ನಲ್ಲಿ ಇನ್ನೊಂದು ಸುತ್ತು ಬೇಯಲಿಕ್ಕಿದೆ. ಚಳಿಗಾಲದಲ್ಲಿ ಬರುವ ಹಸಿರು ಬೆಳ್ಳುಳ್ಳಿ ಸೊಪ್ಪಿಗೂ ಇದೇ ನಿಯಮ.

ಬೆಳ್ಳುಳ್ಳಿ ಬೆಣ್ಣೆಯನ್ನು ರೋಲ್ ಮೇಲೆ ಸವರಿ ಓವನ್‌ಗಿಡುವವರು ಬಹಳ. ಮೇಲಿನ ರಾಡ್‌ಗೆ ಬೆಳ್ಳುಳ್ಳಿ ಸುಟ್ಟು ಕಹಿಯಾಗುತ್ತದೆ. ಒಳಗೆ ಹೋಗುವಾಗ ಬರೀ ಹಾಲು, ಹೊರಗೆ ಬಂದ ಕ್ಷಣ ಬೆಣ್ಣೆ.

ಮಡಗಾಂವ್_ಮಳೆ · ಗೋವಾ

ಉಪ್ಪನ್ನು ಕೊನೆಗೆ ಹಾಕೋದು ಈಸ್ಟ್ ಸಾಯದಿರಲಿ ಅಂತಾನಾ?

ತೂಕ_ತಪ್ಪದವ · ಚಿಂಚವಡ

ಆ ಭಯ ಅನಗತ್ಯ. ಹಿಟ್ಟಿನಲ್ಲಿ ಕಲಸುವಾಗ ಶೇಕಡಾ 2ರಷ್ಟು ಉಪ್ಪಿನಿಂದ ಈಸ್ಟ್ ಸಾಯುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಒದ್ದೆ ಈಸ್ಟ್ ಮೇಲೆ ಉಪ್ಪು ಸುರಿದು ಹೊತ್ತುಗಟ್ಟಲೆ ಬಿಟ್ಟರೆ ಮಾತ್ರ ತೊಂದರೆ. ಕೊನೆಗೆ ಹಾಕುವುದು ಯಾಕೆಂದರೆ ಉಪ್ಪು ಗ್ಲುಟೆನ್ನನ್ನು ಬಿಗಿ ಮಾಡುತ್ತದೆ. ಆ 20 ನಿಮಿಷ ಉಪ್ಪಿಲ್ಲದೆ ಬಿಟ್ಟರೆ ಮೈದಾ ಹಾಲನ್ನು ಚೆನ್ನಾಗಿ ಹೀರಿಕೊಂಡು ನಾದುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಈಸ್ಟ್ ಅದಲು ಬದಲು ಮಾಡುವವರಿಗೆ: 4 ಗ್ರಾಂ ಇನ್‌ಸ್ಟಂಟ್ ಬದಲು ಆ್ಯಕ್ಟಿವ್ ಡ್ರೈ ಆದರೆ 5 ಗ್ರಾಂ, ಪಾವ್ ಬೇಕರಿಯಿಂದ ತಂದ ತಾಜಾ ಈಸ್ಟ್ ಆದರೆ 12 ಗ್ರಾಂ. ತಾಜಾ ಈಸ್ಟ್ ಮುರಿದರೆ ಚೂರಾಗಿ ಉದುರಬೇಕು, ಬಣ್ಣ ತಿಳಿ ಕೆನೆಯಂತಿರಬೇಕು. ಕಂದು ಅಂಚು, ಲೋಳೆ, ಕೆಟ್ಟ ನಾತ ಇದ್ದರೆ ಬಿಸಾಡಿ. ಒಡೆದ ಇನ್‌ಸ್ಟಂಟ್ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಕರಾವಳಿಯ ತೇವಕ್ಕೆ ಹೊರಗಿಟ್ಟ ಈಸ್ಟ್ ಬಹುಬೇಗ ಸತ್ತುಹೋಗುತ್ತದೆ.

ಮಡಗಾಂವ್_ಮಳೆ · ಗೋವಾ

ಧನ್ಯವಾದ. ಹಾಗಾದ್ರೆ ಮಳೆಗಾಲಕ್ಕೆ ನಾನೂ ಒಂದಿಷ್ಟು ಸೇರಿಸ್ತೀನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೈದಾ ಡಬ್ಬಿಯಲ್ಲೇ ತೇವ ಹೀರಿರುತ್ತೆ. ಹಾಲನ್ನು 185 ಗ್ರಾಂನಿಂದ ಶುರು ಮಾಡಿ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಬೇಡ, ತಟ್ಟೆ ಮುಚ್ಚಿದರೆ ಸಾಕು. ಪುಣೆಯ ಏಪ್ರಿಲ್‌ಗೆ ಇದರ ಉಲ್ಟಾ, ಅಲ್ಲಿ ಒಣ ಗಾಳಿಗೆ ಹಿಟ್ಟಿನ ಮೇಲೆ ಚರ್ಮ ಕಟ್ಟಿ ರೋಲ್ ಬಿರಿಯುತ್ತೆ.

ರೋಲ್ ಎರಡನೇ ದಿನ ಒಳಗೆ ಅಂಟಂಟಾಗಿ, ಮುರಿದರೆ ನೂಲಿನಂತೆ ಎಳೆ ಬಂದು, ಹಣ್ಣಾಗಿ ಕೊಳೆತ ಅನಾನಸ್ ಥರ ವಾಸನೆ ಬಂದರೆ ಅದು ಬೂಷ್ಟು ಅಲ್ಲ. ಹಿಟ್ಟಿನಲ್ಲಿರುವ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಣಗಳು ಓವನ್ ಶಾಖದಲ್ಲೂ ಬದುಕುಳಿದು ಸೆಕೆಯಲ್ಲಿ ಬೆಳೆದದ್ದು. ಅಂಚು ಕತ್ತರಿಸಿ ತಿನ್ನೋ ಸಾಹಸ ಬೇಡ, ಪೂರ್ತಿ ಬಿಸಾಡಿ, ಹಲಗೆ ಮತ್ತು ಟಿನ್ ಅನ್ನು ವಿನೆಗರ್‌ನಲ್ಲಿ ಒರೆಸಿ. ಮುಂದಿನ ಸಲ 300 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ವಿನೆಗರ್ ಸೇರಿಸಿ. ರುಚಿಗೆ ಗೊತ್ತಾಗಲ್ಲ, ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯಲ್ಲ.

ಕೋಥ್ರೂಡ್_ಕಟ್ಟೆ · ಪುಣೆ

ಗೋವಾದಾಗ ಇದ್ದೀರಿ, ಸೂರ್ ಹಾಕಿ ಉಬ್ಬಿಸಬಹುದೇನ್ರಿ? ಹಳೇ ಪೊದೇರಗೋಳು (ಗೋವಾದ ಬ್ರೆಡ್ ಮಾಡೋರು) ತೆಂಗಿನ ಸೇಂದಿಯಿಂದನ ಪಾವ್ ಮಾಡ್ತಿದ್ರಲ್ಲ.

ಮಡಗಾಂವ್_ಮಳೆ · ಗೋವಾ

ಮಾಡ್ತಿದ್ದರು ನಿಜ. ಆದರೆ ಅದು ಪಾವ್, ಉಂಡೊ, ಪೊಯಿ ಥರದ ಗೋವಾ ಬ್ರೆಡ್‌ಗೆ. ಅವುಗಳಲ್ಲಿ ಹಾಲು-ಬೆಣ್ಣೆ ಇಲ್ಲ ಅನ್ನುವಷ್ಟು ಕಡಿಮೆ, ಕಟ್ಟಿಗೆ ಒಲೆಯ ಶಾಖ ಬಹಳ ಜಾಸ್ತಿ. ಸೂರ್‌ನಲ್ಲಿ ಈಸ್ಟ್ ಜೊತೆ ಹುಳಿ ಬರಿಸೋ ಬ್ಯಾಕ್ಟೀರಿಯಾನೂ ಇರುತ್ತೆ, ಬಲ ದಿನಕ್ಕೊಂದು ಥರ. ಸಕ್ಕರೆ-ಬೆಣ್ಣೆಯ ಭಾರದ ಹಿಟ್ಟನ್ನು ಅದು ಎತ್ತೋದು ಕಷ್ಟ, ಹುಳಿ ಬಂದರೆ ಸಬ್ಬಸಿಗೆ ಜೊತೆ ಹೊಂದಲ್ಲ. ಮಾಡಲೇಬೇಕು ಅಂದ್ರೆ ಬೆಳಿಗ್ಗೆ ಇಳಿಸಿದ ಸೂರ್, ಬೆಣ್ಣೆ ಇಲ್ಲದ ಹಿಟ್ಟು, ಇಡೀ ದಿನದ ಪುರಸೊತ್ತು. ಡಿನ್ನರ್ ರೋಲ್‌ಗೆ ಈಸ್ಟೇ ಸರಿ.

ಹೊಸ_ಓಟಿಜಿ · ಠಾಣೆ

ರೋಲ್ ಓವನ್‌ನಿಂದ ಬರುವಾಗ ನುಣ್ಣಗಿರುತ್ತೆ, ಹತ್ತು ನಿಮಿಷಕ್ಕೆ ಮೇಲ್ಭಾಗ ಸುಕ್ಕು. ಈಸ್ಟ್ ಜಾಸ್ತಿಯಾಯ್ತಾ?

ಪಾವ್‌ಕಿಲೋ · ಮುಲುಂಡ್

ಎರಡು ಕಾರಣ ಇರಬಹುದು, ಮುರಿದು ನೋಡಿದರೆ ಗೊತ್ತಾಗುತ್ತದೆ. ಒಳಗೆ ದೊಡ್ಡ ಅಸಮ ತೂತುಗಳು, ಸ್ವಲ್ಪ ಹುಳಿ ವಾಸನೆ, ಬಣ್ಣವೂ ಪೇಲವ: ಎರಡನೇ ಸಲ ಅತಿಯಾಗಿ ಉಬ್ಬಿದೆ. ಈಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದ್ದರಿಂದ ಬಣ್ಣ ಬರಲಿಲ್ಲ. ತೂತು ಸಣ್ಣದಿದ್ದು ಒಳಗೆ ಒದ್ದೆ ಅನ್ನಿಸಿದರೆ ಬೆಂದಿಲ್ಲ. ಗೋಡೆ ಗಟ್ಟಿಯಾಗುವ ಮೊದಲೇ ಹೊರತೆಗೆದಿದ್ದೀರಿ, ಒಳಗಿನ ಹಬೆ ತಣ್ಣಗಾದ ಕೂಡಲೇ ಮೇಲ್ಪದರ ಕೆಳಗೆ ಎಳೆದುಕೊಂಡಿದೆ.

ಎರಡನೇ ಉಬ್ಬಿಗೆ ಪರೀಕ್ಷೆ: ಹಿಟ್ಟು ಹಚ್ಚಿದ ಬೆರಳಲ್ಲಿ ಉಂಡೆಯ ಬದಿಯನ್ನು ಅರ್ಧ ಸೆಂ.ಮೀ. ಒತ್ತಿ. ಗುಳಿ ಥಟ್ಟನೆ ಎದ್ದರೆ ಇನ್ನೂ ಹೊತ್ತಿದೆ. ನಿಧಾನವಾಗಿ ಮುಕ್ಕಾಲು ತುಂಬಿದರೆ ಓವನ್‌ಗೆ ಹೋಗಲಿ. ಹಾಗೇ ಉಳಿದರೆ ಮೀರಿದೆ. ಅಂಥ ಉಂಡೆಗಳನ್ನು ಮತ್ತೆ ಕೂಡಿಸಿ ಕಟ್ಟಿ ಇನ್ನೊಮ್ಮೆ ಉಬ್ಬಿಸಬಹುದು, ಸ್ವಲ್ಪ ಒರಟಾದರೂ ತಿನ್ನಬಹುದು. ಮುಂಬಯಿಯಲ್ಲಿ ಉಂಡೆಗಳು ಮುಕ್ಕಾಲು ಉಬ್ಬುವ ಮೊದಲೇ ಓವನ್ ಹಚ್ಚಿ. ಉಂಡೆ ತಯಾರಾಗಿ ಓವನ್ ತಣ್ಣಗಿರುವುದೇ ಹೆಚ್ಚಿನ ಸುಕ್ಕಿಗೆ ಮೂಲ.

ಬದಿ ಬಿರಿದು ಒಳಗೆ ಬಿಗಿಯಿದ್ದರೆ ಇದರ ತದ್ವಿರುದ್ಧ, ಕಡಿಮೆ ಉಬ್ಬಿದೆ.

ತೂಕ_ತಪ್ಪದವ · ಚಿಂಚವಡ

ಓಟಿಜಿಯ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) ಲೈಟ್ ಆರಿತು ಎಂದ ಮಾತ್ರಕ್ಕೆ ಬಿಸಿಯಾಗಿದೆ ಎಂದಲ್ಲ. ಗಾಳಿ ಮಾತ್ರ ಕಾದಿರುತ್ತದೆ, ಗೋಡೆ ಕಾಯಲು ಇನ್ನೂ 10 ನಿಮಿಷ ಬೇಕು. ಗುಂಡಿಯ ಮೇಲಿನ ಅಂಕಿಗೂ ಒಳಗಿನ ಶಾಖಕ್ಕೂ 15–25 ಡಿಗ್ರಿ ವ್ಯತ್ಯಾಸ ಸಾಮಾನ್ಯ, ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಇಟ್ಟು ನೋಡಿ. 25 ಲೀಟರ್‌ಗಿಂತ ಚಿಕ್ಕದಾದರೆ ಮೇಲಿನ ರಾಡ್ ರೋಲ್‌ಗೆ ತೀರಾ ಹತ್ತಿರ. ಕೆಳಗಿನ ಹಂತದಲ್ಲಿಡಿ, 12 ನಿಮಿಷಕ್ಕೆ ಬಣ್ಣ ಬಂದುಬಿಟ್ಟರೆ ಫಾಯಿಲ್ ಹೊದಿಸಿ. ಕನ್ವೆಕ್ಷನ್ ಮೈಕ್ರೋವೇವ್‌ನವರು 170ಕ್ಕೆ ಇಳಿಸಿ, ಕೆಳ ಸ್ಟ್ಯಾಂಡ್ ಮೇಲೆ. ಅಲ್ಯೂಮಿನಿಯಂ ಟಿನ್ ಕನ್ವೆಕ್ಷನ್‌ನಲ್ಲಿ ಮಾತ್ರ, ಮೈಕ್ರೋ ಒತ್ತಬೇಡಿ.

ಕೋಥ್ರೂಡ್_ಕಟ್ಟೆ · ಪುಣೆ

ಓವನ್ ಇಲ್ಲದವ್ರಿಗೆ: ದಪ್ಪ ತಳದ ಕುಕ್ಕರ್, ಗ್ಯಾಸ್ಕೆಟ್ ಸೀಟಿ ಎರಡೂ ತಗೀರಿ, ಒಳಗ ಸ್ಟ್ಯಾಂಡ್, ಮಧ್ಯಮ ಉರಿ ಮ್ಯಾಲೆ 10 ನಿಮಿಷ ಕಾಯಿಸ್ರಿ. ಟಿನ್ ಇಟ್ಟ ಮ್ಯಾಲೆ ಸಣ್ಣ ಉರಿ, 25–30 ನಿಮಿಷ. ತಳ ಕೆಂಪಾಗ್ತದ, ಮ್ಯಾಲೆ ಬೆಳ್ಳಗ ಉಳೀತದ. ಬೆಣ್ಣಿ ಹಚ್ಚಿದ ತವಾ ಮ್ಯಾಲೆ ಬೋರಲ ಹಾಕಿ ಒಂದು ನಿಮಿಷ ಬಿಟ್ರ ಬಣ್ಣ ಬರ್ತದ.

ಗೋದಿ ಹಿಟ್ಟು ಹಾಕೋರು ಮೂರನೇ ಒಂದು ಭಾಗ ಮೀರಬ್ಯಾಡ್ರಿ. 100 ಗ್ರಾಂ ಗೋದಿ, 200 ಮೈದಾ, ಹಾಲು 15–20 ಗ್ರಾಂ ಜಾಸ್ತಿ. ಬೀಸಿದ ಹಿಟ್ಟಿನ ತವಡು ನೀರು ಕುಡೀತದ, ಪೊರೀನೂ ಕಡೀತದ. ಪೂರ್ತಿ ಗೋದಿ ಹಿಟ್ಟಿನ ಮೆತ್ತಗಿನ ರೋಲ್ ಅಂತ ಯಾರರೆ ಹೇಳಿದ್ರ ಫೋಟೋ ಅಲ್ಲ, ಮುರಿದು ತೋರ್ಸು ಅನ್ರಿ.

ಸಬ್ಬಸಿಗೆ_ಅಕ್ಕ · ಮಾಟುಂಗಾ

ಮೊಟ್ಟೆ ತಿನ್ನದವರು ಹೊಳಪಿಗೆ ಹಾಲಿನ ಕೆನೆ ಸವರಿ. ಬರೀ ಹಾಲಿಗಿಂತ ಬಣ್ಣ ಚೆನ್ನಾಗಿ ಬರುತ್ತದೆ. ಹೊರಗೆ ತೆಗೆದು ಬೆಣ್ಣೆ ಹಚ್ಚಿದ ಮೇಲೆ ತೆಳು ಬಟ್ಟೆ ಮುಚ್ಚಿ 10 ನಿಮಿಷ, ಅಷ್ಟರಲ್ಲಿ ಮೇಲ್ಪದರ ಮೆತ್ತಗಾಗುತ್ತದೆ. ಆಮೇಲೆ ಟಿನ್‌ನಲ್ಲೇ ಬಿಡುವುದು ಬೇಡ, ತಳ ಬೆವರಿ ಒದ್ದೆಯಾಗುತ್ತದೆ. ಜಾಲರಿಗೆ ಹಾಕಿ.

ಹೊಸ_ಓಟಿಜಿ · ಠಾಣೆ

ಬೆಳಿಗ್ಗೆ ಮಾಡಿ ರಾತ್ರಿ ಊಟಕ್ಕೆ ಇಡೋದಾದ್ರೆ ಫ್ರಿಜ್‌ನಲ್ಲಿಡಬಹುದಾ? ಮತ್ತೆ ತಾಂಗ್‌ಝಾಂಗ್ ಅಂತಾರಲ್ಲ, ಅದು ಬೇಕಾ?

ಪಾವ್‌ಕಿಲೋ · ಮುಲುಂಡ್

ಬೆಂದ ರೋಲ್ ಫ್ರಿಜ್‌ಗೆ ಬೇಡ. ಆ ಚಳಿಯಲ್ಲಿ ಪಿಷ್ಟ ಮತ್ತೆ ಗಟ್ಟಿಯಾಗಿ, ಹೊರಗಿಟ್ಟದ್ದಕ್ಕಿಂತ ಬೇಗ ಹಳಸಲು ಅನ್ನಿಸುತ್ತದೆ. ಅದೇ ದಿನಕ್ಕಾದರೆ ಡಬ್ಬಿಯಲ್ಲಿ ಹೊರಗೆ, ಇಲ್ಲವಾದರೆ ಪೂರ್ತಿ ಆರಿದ ಮೇಲೆ ಫ್ರೀಜರ್. ಫಾಯಿಲ್ ಸುತ್ತಿ 150 ಡಿಗ್ರಿಯಲ್ಲಿ 8–10 ನಿಮಿಷ ಬಿಸಿ ಮಾಡಿದರೆ ಹೊಸದರಂತಾಗುತ್ತದೆ.

ಬೇಯಿಸದ ಹಿಟ್ಟನ್ನು ಬೇಕಾದರೆ ಫ್ರಿಜ್‌ನಲ್ಲಿಡಿ, ರುಚಿಯೂ ಏರುತ್ತದೆ. ಈಸ್ಟ್ 3 ಗ್ರಾಂಗೆ ಇಳಿಸಿ, ನಾದಿ 15 ನಿಮಿಷ ಹೊರಗೆ ಬಿಟ್ಟು, 8–12 ಗಂಟೆ ಫ್ರಿಜ್. ತಣ್ಣಗಿರುವಾಗಲೇ ಉಂಡೆ ಕಟ್ಟಿ, ಸೆಕೆಗಾಲದಲ್ಲಿ ಬೆಣ್ಣೆ ಜಾರದ ಕಾರಣ ಅದೇ ಸುಲಭ. ಎರಡನೇ ಉಬ್ಬಿಗೆ ಒಂದೂಕಾಲು ಗಂಟೆ ಹಿಡಿಯಬಹುದು.

ತಾಂಗ್‌ಝಾಂಗ್ ಮರುದಿನಕ್ಕೂ ಮೆತ್ತಗಿರಬೇಕು ಅನ್ನುವವರಿಗೆ. 20 ಗ್ರಾಂ ಮೈದಾ, 100 ಗ್ರಾಂ ಹಾಲು, ಎರಡನ್ನೂ ರೆಸಿಪಿಯ ಅಳತೆಯಿಂದಲೇ ತೆಗೆದು ಸಣ್ಣ ಉರಿಯಲ್ಲಿ ತಿರುವಿ. 65 ಡಿಗ್ರಿಗೆ ಗಂಜಿಯಾಗುತ್ತದೆ, ಚಮಚ ಎಳೆದ ಗೆರೆ ಉಳಿಯಬೇಕು. ಆರಿಸಿ ಹಾಕಿ, ಆವಿಯಾದದ್ದಕ್ಕೆ ಮತ್ತು ಗಂಜಿ ಹಿಡಿದಿಟ್ಟದ್ದಕ್ಕೆ 15 ಗ್ರಾಂ ಹಾಲು ಹೆಚ್ಚು ಕೊಡಿ. ಅದೇ ರಾತ್ರಿ ಖಾಲಿಯಾಗುವ ಮನೆಗೆ ಇಷ್ಟೆಲ್ಲ ಬೇಕಿಲ್ಲ.

ಹೊಸ_ಓಟಿಜಿ · ಠಾಣೆ

ಕೊನೇದು. ನನ್ನ ಹತ್ರ ಇರೋದು 8 ಇಂಚಿನ ದುಂಡು ಕೇಕ್ ಟಿನ್.

ತೂಕ_ತಪ್ಪದವ · ಚಿಂಚವಡ

ಎಲ್ಲವನ್ನೂ ಮೂರರಲ್ಲಿ ಎರಡು ಭಾಗ ಮಾಡಿ: ಮೈದಾ 200, ಹಾಲು 130, ಈಸ್ಟ್ 2.7, ಸಕ್ಕರೆ 13, ಹಾಲಿನ ಪುಡಿ 7, ಉಪ್ಪು 3.3, ಬೆಣ್ಣೆ 20, ಸೊಪ್ಪು 10. ಎಂಟು ಉಂಡೆ, ನಡುವೆ ಒಂದು, ಸುತ್ತ ಏಳು. ನಡುವಿನದು ಕೊನೆಗೆ ಬೇಯುತ್ತದೆ, ಥರ್ಮಾಮೀಟರ್ ಅದಕ್ಕೇ ಚುಚ್ಚಿ.